ಹಡಗು ಏಳಕ್ಕೆ ದಡ ಸೇರಬೇಕಿತ್ತು: ಕ್ರೂಸ್ ಮುಗಿಸಿ ಊರಿನ ವಿಮಾನ ಹಿಡಿದ ಒಂದು ಪ್ರಕರಣ

ನಾನು ಅಮೆರಿಕದಲ್ಲಿ ವಿಮಾನದ ಟಿಕೆಟ್ ಮಾಡಿಕೊಡುವ ಕೆಲಸದಲ್ಲಿದ್ದೇನೆ. ನನ್ನ ಹತ್ತಿರ ಬರುವವರಲ್ಲಿ ಕನ್ನಡದವರೇ ಜಾಸ್ತಿ. ಊರಿಂದ ಅಪ್ಪ ಅಮ್ಮನನ್ನು ಕರೆಸಿಕೊಳ್ಳುತ್ತಾರೆ, ಐದಾರು ತಿಂಗಳು ಜೊತೆಗೆ ಇಟ್ಟುಕೊಳ್ಳುತ್ತಾರೆ, ಕಳಿಸುವ ಮುಂಚೆ ಎಲ್ಲಾದರೂ ಒಂದು ಸುತ್ತು ಕರೆದುಕೊಂಡು ಹೋಗುತ್ತಾರೆ. ಈಚೆಗೆ ಆ ಸುತ್ತಾಟಕ್ಕೆ ಕ್ರೂಸ್, ಅಂದರೆ ಹಡಗಿನಲ್ಲೇ ಉಳಿದುಕೊಂಡು ಮಾಡುವ ಪ್ರವಾಸ, ಸೇರಿಕೊಂಡಿದೆ. ವಯಸ್ಸಾದವರಿಗೆ ಅದು ನಿಜವಾಗಿಯೂ ಅನುಕೂಲ. ದಿನಾ ಪೆಟ್ಟಿಗೆ ಕಟ್ಟಿ ಬಿಚ್ಚುವ ಕಷ್ಟ ಇಲ್ಲ. ಮಂಡಿ ನೋವಿದ್ದವರು ಕೂತಲ್ಲೇ ಸಮುದ್ರ ನೋಡಬಹುದು.

ತೊಂದರೆ ಬರುವುದು ಕೊನೆಯ ದಿನ. ಹಡಗು ಇಳಿದ ಮೇಲೆ ವಿಮಾನ ಎಷ್ಟು ಗಂಟೆಗೆ ಹಾಕಿಸಬೇಕು ಎನ್ನುವ ಪ್ರಶ್ನೆ ಚಿಕ್ಕದು ಅನ್ನಿಸುತ್ತದೆ. ಆದರೆ ನಾನು ನೋಡಿದ ದೊಡ್ಡ ಪೇಚಾಟಗಳಲ್ಲಿ ಎಷ್ಟೋ ಅಲ್ಲಿಂದಲೇ ಶುರುವಾಗಿವೆ. ಅದಕ್ಕೇ ಈ ಒಂದು ಪ್ರಕರಣವನ್ನು ಪೂರ್ತಿಯಾಗಿ ಬರೆಯುತ್ತಿದ್ದೇನೆ. ಮನೆಯವರ ಒಪ್ಪಿಗೆ ಪಡೆದಿದ್ದೇನೆ. ಗುರುತು ಸಿಗಬಾರದೆಂದು ಕೆಲವು ವಿವರ ಬದಲಿಸಿದ್ದೇನೆ. ಹೆಸರು ಯಾರದ್ದೂ ಇಲ್ಲ.

ಮನೆಯವರು, ಅವರ ಯೋಜನೆ

ಮಗ, ಸೊಸೆ, ಏಳು ವರ್ಷದ ಮೊಮ್ಮಗಳು ಶಿಕಾಗೊ ಪಕ್ಕದ ಒಂದು ಊರಿನಲ್ಲಿದ್ದಾರೆ. ತಂದೆ ಮಲೆನಾಡಿನ ಕಡೆಯ ನಿವೃತ್ತ ಹೈಸ್ಕೂಲ್ ಮೇಷ್ಟ್ರು, 71 ವರ್ಷ. ತಾಯಿಗೆ 66. ತಂದೆಗೆ ಬಿಪಿ, ತಾಯಿಗೆ ಎರಡೂ ಮಂಡಿ ನೋವು. ಇಬ್ಬರೂ ಸೆಪ್ಟೆಂಬರಿನಲ್ಲಿ ಬಂದವರು ಫೆಬ್ರವರಿ ಮೊದಲ ವಾರ ವಾಪಸ್ ಹೋಗಬೇಕಿತ್ತು. ಕಾರಣ ಒಂದು ಮದುವೆ. ತಾಯಿಯ ತಮ್ಮನ ಮಗಳದ್ದು, ಶಿವಮೊಗ್ಗದಲ್ಲಿ. ಶನಿವಾರ ಚಪ್ಪರ, ಭಾನುವಾರ ಧಾರೆ.

ಶಿಕಾಗೊದ ಜನವರಿ ಚಳಿಯಲ್ಲಿ ಹಿರಿಯರು ಮನೆಯೊಳಗೇ ಕೂತು ಬೇಸರಪಟ್ಟಿದ್ದರು. ಹೋಗುವ ಮುಂಚೆ ಒಂದಿಷ್ಟು ಬಿಸಿಲು ಕಾಣಿಸೋಣ ಎಂದು ಮಗ ಟೆಕ್ಸಸ್‌ನ ಗ್ಯಾಲ್ವೆಸ್ಟನ್ ಬಂದರಿನಿಂದ ಹೊರಡುವ ಐದು ರಾತ್ರಿಯ ಕ್ರೂಸ್ ಹುಡುಕಿದರು. ಶನಿವಾರ ಹತ್ತುವುದು, ಮೆಕ್ಸಿಕೊದ ಪ್ರೊಗ್ರೆಸೊ ಮತ್ತು ಕೊಜುಮೆಲ್ ನೋಡುವುದು, ಗುರುವಾರ ಬೆಳಿಗ್ಗೆ ಏಳಕ್ಕೆ ವಾಪಸ್ ಗ್ಯಾಲ್ವೆಸ್ಟನ್. ಅಲ್ಲಿಂದ ಶಿಕಾಗೊಗೆ ಬಂದು ಮತ್ತೆ ಬೆಂಗಳೂರಿಗೆ ಹೊರಡುವ ಬದಲು ಅಪ್ಪ ಅಮ್ಮ ಹ್ಯೂಸ್ಟನ್‌ನಿಂದಲೇ ದುಬೈ ದಾರಿಯಾಗಿ ಬೆಂಗಳೂರಿಗೆ ಹೋಗಲಿ ಎಂದು ಅವರ ಆಲೋಚನೆ. ಒಂದು ವಿಮಾನ ಕಡಿಮೆ, ಖರ್ಚೂ ಕಡಿಮೆ. ನನಗೂ ಹಿಡಿಸಿತು.

ಆದರೆ ಇದರಿಂದ ಒಂದು ವಿಷಯ ಬದಲಾಯಿತು. ಆಗ ಅದನ್ನು ಯಾರೂ ಸರಿಯಾಗಿ ಗಮನಿಸಲಿಲ್ಲ. ಊರಿಗೆ ಹೋಗುವ ನಾಲ್ಕು ದೊಡ್ಡ ಸೂಟ್‌ಕೇಸ್‌ಗಳೂ ಕ್ರೂಸ್‌ಗೆ ಹತ್ತಬೇಕಾಯಿತು. ಬಾದಾಮಿ, ಚಾಕಲೇಟು, ವಿಟಮಿನ್ ಮಾತ್ರೆ, ಮದುವೆಗೆ ಕೊಡುವ ಉಡುಗೊರೆ, ಎಲ್ಲ ಅದರಲ್ಲೇ.

ಟಿಕೆಟ್ ಮಾಡುವಾಗ ಆದ ಮಾತು

ಮಗ ತಮ್ಮ ಮೂವರಿಗೆ ಬೆಳಿಗ್ಗೆ 10:45ರ ಶಿಕಾಗೊ ವಿಮಾನ ಕೇಳಿದರು. ‘ಏಳಕ್ಕೆ ಹಡಗು ಬರುತ್ತೆ ಅಕ್ಕ, ಎಂಟಕ್ಕೆ ಇಳಿದುಬಿಡ್ತೀವಿ’ ಅಂದರು. ಸಾಕಷ್ಟು ಜನ ಹೀಗೇ ಲೆಕ್ಕ ಹಾಕುತ್ತಾರೆ. ಹಡಗಿನ ವೇಳಾಪಟ್ಟಿಯಲ್ಲಿ ಬರೆದಿರುವುದು ಹಡಗು ದಡ ಸೇರುವ ಹೊತ್ತು. ನಾವು ಇಳಿಯುವ ಹೊತ್ತು ಬೇರೆ. ಬಂದರಿನ ಅಧಿಕಾರಿಗಳು ಹಡಗಿಗೆ ಅನುಮತಿ ಕೊಡಬೇಕು. ತಮ್ಮ ಸಾಮಾನು ತಾವೇ ಎಳೆದುಕೊಂಡು ಹೋಗುವವರು ಮೊದಲು ಇಳಿಯುತ್ತಾರೆ. ಉಳಿದವರನ್ನು ಪೆಟ್ಟಿಗೆಗೆ ಕಟ್ಟಿದ ಚೀಟಿಯ ಬಣ್ಣ ಅಥವಾ ನಂಬರಿನ ಪ್ರಕಾರ ಗುಂಪು ಗುಂಪಾಗಿ ಬಿಡುತ್ತಾರೆ. ಕೆಳಗೆ ಹಾಲ್‌ನಲ್ಲಿ ಪೆಟ್ಟಿಗೆ ಹುಡುಕಬೇಕು, ಪಾಸ್‌ಪೋರ್ಟ್ ತೋರಿಸಬೇಕು, ಆಮೇಲೆ ಗಾಡಿ. ಸಾವಿರಾರು ಜನ ಇಳಿಯುವ ಹಡಗಿನಲ್ಲಿ ಕೊನೆಯ ಗುಂಪು ಹೊರಗೆ ಬರುವಾಗ ಹತ್ತು ಗಂಟೆ ಆಗುವುದು ವಿಶೇಷವೇನಲ್ಲ.

ಇನ್ನು ದಾರಿ. ಇದು ಊರಿಂದ ಊರಿಗೆ ತುಂಬ ಬೇರೆ. ಫ್ಲೋರಿಡಾದ ಫೋರ್ಟ್ ಲಾಡರ್‌ಡೇಲ್‌ನಲ್ಲಿ ಬಂದರಿನಿಂದ ವಿಮಾನ ನಿಲ್ದಾಣ ಕೆಲವೇ ಕಿಲೋಮೀಟರ್. ಮಯಾಮಿಯಲ್ಲಿ ಸುಮಾರು 13 ಕಿ.ಮೀ. ಪೋರ್ಟ್ ಕೆನವೆರಲ್‌ನಿಂದ ಒರ್ಲ್ಯಾಂಡೊ ನಿಲ್ದಾಣಕ್ಕೆ 70 ಕಿ.ಮೀ. ಆಸುಪಾಸು. ಗ್ಯಾಲ್ವೆಸ್ಟನ್ ಒಂದು ದ್ವೀಪ. ಅಲ್ಲಿಂದ ಹ್ಯೂಸ್ಟನ್‌ನ ಹಾಬಿ ನಿಲ್ದಾಣ 65 ಕಿ.ಮೀ. ಇದ್ದರೆ, ವಿದೇಶಕ್ಕೆ ದೊಡ್ಡ ವಿಮಾನಗಳು ಹೊರಡುವ ಜಾರ್ಜ್ ಬುಷ್ ನಿಲ್ದಾಣ ಊರಿನ ಆಚೆ ತುದಿಯಲ್ಲಿ, ಸುಮಾರು 110 ಕಿ.ಮೀ. ಹ್ಯೂಸ್ಟನ್ ಪೇಟೆಯನ್ನು ಸೀಳಿಕೊಂಡೇ ಹೋಗಬೇಕು. ‘ಹ್ಯೂಸ್ಟನ್‌ನಿಂದ ಕ್ರೂಸ್’ ಎಂದು ಕೇಳಿದವರಿಗೆ ಈ ದೂರ ತಲೆಗೆ ಬರುವುದೇ ಇಲ್ಲ.

ಹಾಗಾಗಿ 10:45 ಬೇಡವೇ ಬೇಡ ಎಂದೆ. ಅದೇ ಬುಷ್ ನಿಲ್ದಾಣದಿಂದ ಮಧ್ಯಾಹ್ನ 1:20ಕ್ಕೆ ಹೊರಡುವ ವಿಮಾನ ಹಾಕಿದೆ.

ಅಪ್ಪ ಅಮ್ಮನ ಟಿಕೆಟ್ ವಿಷಯಕ್ಕೆ ಬಂದಾಗ ನಾನು ಶುಕ್ರವಾರ ಸಂಜೆಯ ವಿಮಾನ ಸೂಚಿಸಿದೆ. ಗುರುವಾರ ರಾತ್ರಿ ನಿಲ್ದಾಣದ ಹತ್ತಿರ ಹೋಟೆಲ್, ಮಾರನೆಯ ದಿನ ಆರಾಮವಾಗಿ ಹೊರಡಲಿ ಎಂದೆ. ಮಗ ಒಪ್ಪಲಿಲ್ಲ. ಹೋಟೆಲ್ ಖರ್ಚು, ಒಂದು ದಿನ ಜಾಸ್ತಿ ರಜೆ, ಮಗಳ ಸ್ಕೂಲು. ಅದಕ್ಕಿಂತ ಮುಖ್ಯವಾಗಿ, ಶುಕ್ರವಾರ ಹೊರಟರೆ ಶನಿವಾರದ ಚಪ್ಪರ ತಪ್ಪುತ್ತದೆ. ಗುರುವಾರ ಸಂಜೆ 7:10ಕ್ಕೆ ಹೊರಟರೆ ಶನಿವಾರ ಬೆಳಗಿನ ಜಾವ ಬೆಂಗಳೂರು. ‘ಹಡಗಿಗೂ ವಿಮಾನಕ್ಕೂ ಹನ್ನೆರಡು ಗಂಟೆ ಅಂತರ ಇದೆಯಲ್ಲ ಅಕ್ಕ’ ಅಂದರು. ನಾನೂ ಹೂಂ ಎಂದೆ.

ಆ ಹೂಂ ಬಗ್ಗೆ ಈಗಲೂ ಯೋಚಿಸುತ್ತೇನೆ. ಹನ್ನೆರಡು ಗಂಟೆ ಎನ್ನುವ ಅಂಕಿ ಕೇಳಿ ನನಗೂ ಧೈರ್ಯ ಬಂತು. ನಾನು ಗಡಿಯಾರ ನೋಡಿದೆ, ಕ್ಯಾಲೆಂಡರ್ ನೋಡಲಿಲ್ಲ. ಗ್ಯಾಲ್ವೆಸ್ಟನ್‌ನಲ್ಲಿ ಚಳಿಗಾಲ ಎಂದರೆ ಸಮುದ್ರದ ಮಂಜಿನ ಕಾಲ. ಅದು ನನಗೆ ಗೊತ್ತಿತ್ತು, ಬಾಯಿ ಬಿಟ್ಟು ಹೇಳಲಿಲ್ಲ.

ಒಂದು ವಿಷಯದಲ್ಲಿ ಮಾತ್ರ ನಾನು ಹಟ ಮಾಡಿದ್ದೆ. ಅದೇ ವಿಮಾನದಲ್ಲಿ ಸ್ವಲ್ಪ ಅಗ್ಗದ, ಆದರೆ ದಿನ ಬದಲಿಸಲು ಆಗದ ಟಿಕೆಟ್ ಇತ್ತು. ಅದು ಬೇಡ, ಬದಲಿಸಲು ಬರುವ ಟಿಕೆಟ್ಟೇ ಇರಲಿ ಎಂದೆ. ಮಗ ಹೆಚ್ಚು ವಾದ ಮಾಡಲಿಲ್ಲ.

ಬುಧವಾರ ರಾತ್ರಿ

ಕ್ರೂಸ್‌ನ ಕೊನೆಯ ರಾತ್ರಿ ದೊಡ್ಡ ಪೆಟ್ಟಿಗೆಗಳಿಗೆ ನಂಬರಿನ ಚೀಟಿ ಕಟ್ಟಿ ಕೋಣೆಯ ಬಾಗಿಲ ಹೊರಗೆ ಇಡಬೇಕು. ಹಡಗಿನವರು ಅದನ್ನು ರಾತ್ರೋರಾತ್ರಿ ತೆಗೆದುಕೊಂಡು ಹೋಗುತ್ತಾರೆ. ಮತ್ತೆ ಅದು ಸಿಗುವುದು ಮಾರನೆಯ ದಿನ ಬಂದರಿನ ಹಾಲ್‌ನಲ್ಲೇ. ಸಾಮಾನು ತಾವೇ ಎಳೆದುಕೊಂಡು ಬೇಗ ಇಳಿಯುವ ದಾರಿ ಇವರಿಗೆ ಇರಲಿಲ್ಲ. ನಾಲ್ಕು ದೊಡ್ಡ ಸೂಟ್‌ಕೇಸು, ಒಂದು ಮಗು, ಗಾಲಿಕುರ್ಚಿಯಲ್ಲಿ ತಾಯಿ. ಇವರಿಗೆ 14ನೇ ನಂಬರು ಸಿಕ್ಕಿತ್ತು.

ತಂದೆಯವರು ಶಿಸ್ತಿನ ಮನುಷ್ಯ. ಹತ್ತು ಗಂಟೆಯೊಳಗೆ ಎಲ್ಲ ಕಟ್ಟಿ, ಬೀಗ ಹಾಕಿ, ಹೊರಗಿಟ್ಟು ಮಲಗಿದರು. ತಮ್ಮ ಮಾತ್ರೆಯ ಸ್ಟೀಲ್ ಡಬ್ಬಿಯನ್ನೂ ಅದರೊಳಗೇ ಇಟ್ಟುಬಿಟ್ಟಿದ್ದರು. ಬೆಳಿಗ್ಗೆ ಎಂಟಕ್ಕೆ ಕೆಳಗೆ ಸಿಗುತ್ತದಲ್ಲ ಎಂದು.

ಗುರುವಾರ

ಬೆಳಗಿನ ಜಾವ ಐದರ ಹೊತ್ತಿಗೆ ತಾಯಿಗೆ ಎಚ್ಚರವಾಯಿತು. ಹಡಗಿನ ಕೊಂಬು ಉದ್ದಕ್ಕೆ ಕೂಗುತ್ತಿತ್ತು. ನಿಲ್ಲುತ್ತಿತ್ತು, ಸ್ವಲ್ಪ ಹೊತ್ತಿಗೆ ಮತ್ತೆ ಕೂಗುತ್ತಿತ್ತು. ಮಂಜಿನಲ್ಲಿ ಸಾಗುವ ಹಡಗು ಎರಡು ನಿಮಿಷದೊಳಗೆ ಒಮ್ಮೆಯಾದರೂ ಹೀಗೆ ಕೂಗಲೇಬೇಕೆಂದು ಸಮುದ್ರದ ನಿಯಮವಿದೆ. ಅವರಿಗೆ ಅದು ಗೊತ್ತಿರಲಿಲ್ಲ. ಪರದೆ ಸರಿಸಿ ನೋಡಿದರೆ ಕಿಟಕಿಯ ಆಚೆ ಏನೂ ಇಲ್ಲ. ‘ಹಾಲಿನ ಪಾತ್ರೆ ಒಳಗೆ ಕೂತ ಹಾಗಿತ್ತು ನೋಡಮ್ಮ’ ಎಂದು ಆಮೇಲೆ ನನಗೆ ಹೇಳಿದರು.

ಏಳು ಗಂಟೆಗೆ ಕ್ಯಾಪ್ಟನ್ ಧ್ವನಿ ಬಂತು. ದಟ್ಟ ಮಂಜಿನಿಂದ ಪೈಲಟ್‌ಗಳು ಕೆಲಸ ನಿಲ್ಲಿಸಿದ್ದಾರೆ, ಹಡಗು ಹೊರಗೇ ಕಾಯುತ್ತಿದೆ, ಮುಂದಿನ ಸುದ್ದಿ ಒಂಬತ್ತಕ್ಕೆ. ಇಲ್ಲಿ ಪೈಲಟ್ ಎಂದರೆ ಬಂದರಿನ ದಾರಿ ಬಲ್ಲ ಸ್ಥಳೀಯ ನಾವಿಕ. ಚಿಕ್ಕ ದೋಣಿಯಲ್ಲಿ ಬಂದು ಹಗ್ಗದ ಏಣಿ ಹತ್ತಿ ಹಡಗಿಗೆ ಬರುತ್ತಾರೆ. ಅವರಿಲ್ಲದೆ ಇಷ್ಟು ದೊಡ್ಡ ಹಡಗು ಕಾಲುವೆಯೊಳಗೆ ಹೋಗುವ ಹಾಗಿಲ್ಲ. ಗ್ಯಾಲ್ವೆಸ್ಟನ್‌ನ ಬಾಯಿ ಇಕ್ಕಟ್ಟು. ಹ್ಯೂಸ್ಟನ್‌ಗೆ ಹೋಗುವ ತೈಲದ ಹಡಗುಗಳೂ ಅದೇ ಬಾಯಿಂದಲೇ ಒಳಗೆ ಹೋಗಬೇಕು. ಎದುರಿನ ಹಡಗು ಕಾಣದಿದ್ದರೆ ಎಲ್ಲವೂ ನಿಲ್ಲುತ್ತದೆ.

ಮಗ ನನಗೆ 7:40ಕ್ಕೆ ಮೆಸೇಜ್ ಹಾಕಿದರು. ಹಡಗಿನ ವೈಫೈ ಅವರು ಒಂದೇ ಫೋನಿಗೆ ಹಾಕಿಸಿದ್ದರು. ಆ ದಿನ ಇಡೀ ಮನೆ ಆ ಒಂದು ಫೋನಿನ ಮೇಲೆ ನಿಂತಿತ್ತು.

ಆಗ ತಂದೆ ಹೇಳಿದ ಮಾತು ಇದು: ‘ಏನೂ ಗಾಬರಿ ಬೇಡ ಕಣೋ. ಬಿಸಿಲು ಏರಿದ್ರೆ ಒಂಬತ್ತಕ್ಕೆಲ್ಲ ಮಂಜು ಹರಿಯುತ್ತೆ.’

ಎಪ್ಪತ್ತು ವರ್ಷ ಮಲೆನಾಡಿನ ಮಂಜು ನೋಡಿದವರ ಮಾತು. ಅಲ್ಲಿ ಅದು ನಿಜ ಕೂಡ. ನಮ್ಮ ಕಡೆ ಚಳಿಗಾಲದಲ್ಲಿ ರಾತ್ರಿ ನೆಲ ತಣ್ಣಗಾಗಿ ಮಂಜು ಕಟ್ಟುತ್ತದೆ. ಬೆಳಿಗ್ಗೆ ಬಿಸಿಲಿಗೆ ನೆಲ ಕಾಯುತ್ತದೆ, ಮಂಜು ಕರಗುತ್ತದೆ. ಕಣಿವೆಯ ತೋಟ, ಅಡಿಕೆ ಮರ, ಆಮೇಲೆ ರಸ್ತೆ, ಒಂದೊಂದಾಗಿ ಕಾಣುತ್ತವೆ. ಸಮುದ್ರದ ಮಂಜು ಬೇರೆ ಜಾತಿ. ಮೆಕ್ಸಿಕೊ ಕೊಲ್ಲಿಯ ಮೇಲಿಂದ ಬರುವ ಬೆಚ್ಚಗಿನ ತೇವದ ಗಾಳಿ ದಡದ ಹತ್ತಿರದ ತಣ್ಣನೆ ನೀರಿನ ಮೇಲೆ ಹಾಯುವಾಗ ಅದು ಹುಟ್ಟುತ್ತದೆ. ಕೆಳಗಿರುವುದು ನೀರು. ಎರಡು ಗಂಟೆ ಬಿಸಿಲಿಗೆ ನೀರು ಕಾಯುವುದಿಲ್ಲ. ಗಾಳಿಯ ದಿಕ್ಕು ಬದಲಾಗುವ ತನಕ ಅದು ಹಾಗೇ ಕೂತಿರಬಹುದು, ಕೆಲವೊಮ್ಮೆ ಇಡೀ ದಿನ. ಆ ಮನೆಯಲ್ಲಿ ಮಂಜಿನ ಬಗ್ಗೆ ಅತಿ ಹೆಚ್ಚು ಗೊತ್ತಿದ್ದವರು ತಂದೆ. ಹಾಗಾಗಿ ಅವರ ಮಾತನ್ನು ಎಲ್ಲರೂ ನಂಬಿದರು. ಒಂಬತ್ತರವರೆಗೆ ಏನೂ ಮಾಡಲಿಲ್ಲ.

ಈ ನಡುವೆ ಎಂಟಕ್ಕೆ ಮಾತ್ರೆಯ ನೆನಪಾಯಿತು. ಡಬ್ಬಿ ಪೆಟ್ಟಿಗೆಯಲ್ಲಿ, ಪೆಟ್ಟಿಗೆ ಹಡಗಿನ ಹೊಟ್ಟೆಯಲ್ಲಿ. ಹಡಗಿನ ಡಾಕ್ಟರ ಹತ್ತಿರ ಹೋಗೋಣ ಎಂದು ಮಗ ಎದ್ದರು. ಅಷ್ಟರಲ್ಲಿ ತಾಯಿ ತಮ್ಮ ಕೈಚೀಲದ ಜಿಪ್ ತೆಗೆದು, ಕುಂಕುಮದ ಭರಣಿಯ ಕೆಳಗಿಂದ ಒಂದು ಸ್ಟ್ರಿಪ್ ಎಳೆದು ಗಂಡನ ಕೈಗೆ ಕೊಟ್ಟರು. ತುದಿ ಮಡಚಿ ರಬ್ಬರ್ ಬ್ಯಾಂಡ್ ಹಾಕಿದ ಸ್ಟ್ರಿಪ್. ಆರು ಮಾತ್ರೆ ಉಳಿದಿದ್ದವು. ‘ನಿಮ್ಮದು ಯಾವಾಗ್ಲೂ ಒಂದು ಇಟ್ಕೊಂಡಿರ್ತೀನಿ’ ಅಂದರಂತೆ, ಅಷ್ಟೆ. ಅವರು ಇಟ್ಟುಕೊಂಡಿರದಿದ್ದರೆ ಬಿಪಿ ಇರುವ 71ರ ಮನುಷ್ಯ ಆ ಗಾಬರಿಯ ದಿನ ಸಂಜೆವರೆಗೆ ಮಾತ್ರೆಯಿಲ್ಲದೆ ಇರಬೇಕಾಗುತ್ತಿತ್ತು.

ಒಂಬತ್ತಕ್ಕೆ ಕ್ಯಾಪ್ಟನ್ ಮತ್ತೆ ಅದನ್ನೇ ಹೇಳಿದರು. ಮಗ ತಮ್ಮ 1:20ರ ವಿಮಾನದ ಚಿಂತೆಗೆ ಬಿದ್ದರು. ಅದನ್ನು ಫೋನಿನಲ್ಲೇ ಐದು ನಿಮಿಷದಲ್ಲಿ ಶುಕ್ರವಾರಕ್ಕೆ ಬದಲಿಸಿದರು. ಹ್ಯೂಸ್ಟನ್‌ನಿಂದ ಶಿಕಾಗೊಗೆ ದಿನಕ್ಕೆ ಎಷ್ಟೋ ವಿಮಾನ. ಆ ಟಿಕೆಟ್ ಬಗ್ಗೆಯೇ ನಾವೆಲ್ಲ ತಿಂಗಳುಗಟ್ಟಲೆ ಚರ್ಚೆ ಮಾಡಿದ್ದೆವು. ಅದು ಇಷ್ಟು ಸುಲಭವಾಗಿ ಮುಗಿಯಿತು. ಅಪ್ಪ ಅಮ್ಮನ ಟಿಕೆಟ್ ಬಗ್ಗೆ ಯಾರೂ ಮಾತೆತ್ತಲಿಲ್ಲ. ಅದು ಸಂಜೆಯದ್ದಲ್ವಾ.

ಹನ್ನೊಂದೂವರೆಯ ಲೆಕ್ಕ

ಹನ್ನೊಂದು ಗಂಟೆಗೂ ಮಂಜು ಹಾಗೇ ಇತ್ತು. ನಾನು ವಾಟ್ಸಾಪ್‌ನಲ್ಲಿ ಕರೆ ಮಾಡಿ, ಒಂದು ಕಾಗದ ತೆಗೆದುಕೊಳ್ಳಿ ಎಂದೆ. ಇಬ್ಬರೂ ಕೂತು ಸಂಜೆಯಿಂದ ಹಿಂದಕ್ಕೆ ಲೆಕ್ಕ ಹಾಕಿದೆವು.

ವಿಮಾನ 7:10ಕ್ಕೆ. ಕೌಂಟರ್ ಮುಚ್ಚುವುದು 6:10ಕ್ಕೆ. ನಾಲ್ಕು ಪೆಟ್ಟಿಗೆ, ಗಾಲಿಕುರ್ಚಿ ಇರುವುದರಿಂದ 5:30ಕ್ಕಾದರೂ ಅಲ್ಲಿರಬೇಕು. ಗುರುವಾರ ಸಂಜೆ, ಆಫೀಸು ಬಿಡುವ ಹೊತ್ತು, ಹ್ಯೂಸ್ಟನ್ ದಾಟಬೇಕು. ದಾರಿಗೆ ಎರಡು ಗಂಟೆ ಇಡಬೇಕು. ಅಂದರೆ 3:30ಕ್ಕೆ ಗ್ಯಾಲ್ವೆಸ್ಟನ್ ಬಿಡಬೇಕು. ಗಾಲಿಕುರ್ಚಿಯವರನ್ನು ಬೇರೆ ಕಡೆ ಕೂರಿಸಿ ಸರದಿಯಲ್ಲಿ ಕರೆದೊಯ್ಯುತ್ತಾರೆ. ಜೊತೆಗೆ ಹಿರಿಯರದ್ದು ವಿಸಿಟರ್ ವೀಸಾ, ಅಧಿಕಾರಿಯ ಮುಂದೆ ನಿಲ್ಲಬೇಕು. ಹಡಗು ಕಟ್ಟಿದ ಮೇಲೆ ಹೊರಗೆ ಬರಲು ಎರಡು ಗಂಟೆ. ಅಂದರೆ 1:30ಕ್ಕೆ ಹಡಗು ದಡಕ್ಕೆ ಕಟ್ಟಿರಬೇಕು. ಹೊರಗಿನ ಸಮುದ್ರದಿಂದ ಒಳಗೆ ಬಂದು ನಿಲ್ಲಲು ಸುಮಾರು ಎರಡು ಗಂಟೆ. ಅಂದರೆ ಪೈಲಟ್ 11:30ಕ್ಕೆ ಹಡಗು ಹತ್ತಿರಬೇಕು.

ಗಡಿಯಾರದಲ್ಲಿ 11:25 ಆಗಿತ್ತು. ಕೊಂಬು ಇನ್ನೂ ಕೂಗುತ್ತಿತ್ತು. ಫೋನಿನಲ್ಲಿ ನನಗೂ ಕೇಳುತ್ತಿತ್ತು.

ತಂದೆ ಒಪ್ಪಲಿಲ್ಲ. ‘ಇನ್ನೂ ಏಳೂವರೆ ಗಂಟೆ ಇದೆ. ಈಗಲೇ ಬದಲಿಸಿ ದುಡ್ಡು ಕಳ್ಕೊಳ್ಳೋದ್ಯಾಕೆ? ನೋಡೋಣ’ ಅಂದರು. ಅವರ ಮಾತಿನಲ್ಲೂ ಅರ್ಥವಿತ್ತು. ಮಂಜು ಆ ಕ್ಷಣವೇ ತೆಳ್ಳಗಾಗಿದ್ದರೆ, ರಸ್ತೆ ಖಾಲಿ ಇದ್ದಿದ್ದರೆ, ಹಿಡಿಯಬಹುದಿತ್ತೋ ಏನೋ. ಆದರೆ ಎರಡು ನಷ್ಟಗಳು ಒಂದೇ ಅಳತೆಯವಲ್ಲ. ವಿಮಾನ ಹೊರಡುವ ಮುಂಚೆ ಬದಲಿಸಿದರೆ ಶುಲ್ಕ ಮತ್ತು ದರದ ವ್ಯತ್ಯಾಸ ಕಟ್ಟಿ ಮುಗಿಸಬಹುದು. ಹೇಳದೆ ಕೇಳದೆ ವಿಮಾನ ತಪ್ಪಿಸಿಕೊಂಡರೆ ಎಷ್ಟೋ ಟಿಕೆಟ್‌ಗಳಲ್ಲಿ ಬೆಲೆಯೇ ಉಳಿಯುವುದಿಲ್ಲ, ಉಳಿದರೂ ದೊಡ್ಡ ದಂಡ. ಆ ಹೊತ್ತಲ್ಲಿ ಇಬ್ಬರಿಗೆ ಹೊಸ ಟಿಕೆಟ್ ಎಂದರೆ ಏನು ಬೆಲೆ ಎಂದು ಹೇಳಬೇಕಾಗಿಲ್ಲ. ಶುಕ್ರವಾರದ ವಿಮಾನದಲ್ಲಿ ಜೊತೆಯಾಗಿ ಎರಡು ಸೀಟು ನನಗೆ ಪರದೆ ಮೇಲೆ ಕಾಣುತ್ತಿತ್ತು. ಸಂಜೆವರೆಗೂ ಅದು ಇರುತ್ತದೆಂದು ನಾನು ಭರವಸೆ ಕೊಡಲಾರೆ ಎಂದೆ.

ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಆಮೇಲೆ ತಾಯಿ ಫೋನ್ ತೆಗೆದುಕೊಂಡರು. ‘ನೋಡಮ್ಮ, ಭಾನುವಾರದ ಧಾರೆ ತಪ್ಪಬಾರದು. ಅದಕ್ಕೆ ಸರಿಯಾಗಿ ಹೋಗ್ತೀವಿ ತಾನೆ? ಚಪ್ಪರ ತಪ್ಪಿದ್ರೆ ತಪ್ಪಲಿ’ ಅಂದರು. ಶುಕ್ರವಾರ ಹೊರಟರೆ ಭಾನುವಾರ ಬೆಳಗಿನ ಜಾವ ಮೂರರ ಹೊತ್ತಿಗೆ ಬೆಂಗಳೂರು. ಶಿವಮೊಗ್ಗಕ್ಕೆ ಐದಾರು ಗಂಟೆ ದಾರಿ. ಲಗ್ನ ಅಭಿಜಿನ್, 12:20ಕ್ಕೆ. ಹೌದಮ್ಮ, ಹೋಗ್ತೀರಿ ಎಂದೆ. ‘ಹಾಗಾದ್ರೆ ಬದಲಿಸಿಬಿಡು’ ಅಂದರು.

ಇಡೀ ಪ್ರಕರಣದ ತಿರುವು ಇದೇ. ನಾವೆಲ್ಲ ಹಡಗು, ಮಂಜು, ದುಡ್ಡು ಎಂದು ಒದ್ದಾಡುತ್ತಿದ್ದಾಗ, ಯಾವುದು ತಪ್ಪಬಾರದು, ಯಾವುದು ತಪ್ಪಿದರೆ ನಡೆಯುತ್ತದೆ ಎಂದು ಬೇರ್ಪಡಿಸಿದ್ದು ಅವರು. ಗಂಟೆ ಲೆಕ್ಕ ನನ್ನದು, ತೀರ್ಮಾನ ಅವರದ್ದು.

ಬದಲಾವಣೆ ನಾನೇ ಮಾಡಿದೆ. ಏಜೆಂಟ್ ಮೂಲಕ ಕೊಂಡ ಟಿಕೆಟ್ ಬದಲಿಸಲು ವಿಮಾನದವರಿಗೆ ಫೋನ್ ಮಾಡಿದರೆ ಸಾಮಾನ್ಯವಾಗಿ ‘ಟಿಕೆಟ್ ಕೊಟ್ಟವರನ್ನೇ ಕೇಳಿ’ ಅನ್ನುತ್ತಾರೆ. ಆ ಏಜೆಂಟ್ ಫೋನ್ ಎತ್ತದ ಹೊತ್ತಾಗಿದ್ದರೆ ದೊಡ್ಡ ಕಷ್ಟ. 11:50ಕ್ಕೆ ಹೊಸ ಟಿಕೆಟ್ ಮಗನ ಫೋನಿಗೆ ಹೋಯಿತು. ಇಬ್ಬರಿಗೂ ಸೇರಿ ಐನೂರು ಡಾಲರಿಗೆ ಸ್ವಲ್ಪ ಕಡಿಮೆ ಖರ್ಚಾಯಿತು. ಮಗನಿಗೆ ಇನ್ನೊಂದು ಕೆಲಸ ಹೇಳಿದೆ: ಹಡಗಿನ ಕೌಂಟರಿಗೆ ಹೋಗಿ, ಮಂಜಿನಿಂದ ಇಂತಿಷ್ಟು ತಡವಾಗಿದೆ ಎಂದು ಒಂದು ಪತ್ರ ಬರೆಸಿಕೊಳ್ಳಿ. ವಿಮೆಗೆ ಅದು ಬೇಕಾಗುತ್ತದೆ, ಇಳಿದ ಮೇಲೆ ಕೇಳಿದರೆ ಸಿಗುವುದು ಕಷ್ಟ.

ಆಮೇಲೆ ಆದದ್ದು

ಮಧ್ಯಾಹ್ನ 12:40ಕ್ಕೆ ಮಂಜು ತೆಳ್ಳಗಾಯಿತು. ಒಂದರ ಹೊತ್ತಿಗೆ ಪೈಲಟ್ ಹತ್ತಿದರು. ಹಡಗು ಕಟ್ಟಿದಾಗ ಮೂರಕ್ಕೆ ಹತ್ತು ನಿಮಿಷ. ಕೆಳಗೆ ಬಂದರೆ ಮುಂದಿನ ಪ್ರವಾಸಕ್ಕೆ ಹತ್ತಬೇಕಾದವರು ಬೆಳಿಗ್ಗೆಯಿಂದ ಕಾದು ರಸ್ತೆಯೆಲ್ಲ ತುಂಬಿದ್ದರು. ಹಾರ್ಬರ್‌ಸೈಡ್ ರಸ್ತೆಯಲ್ಲಿ ಗಾಡಿ ಅಲ್ಲಾಡುತ್ತಿರಲಿಲ್ಲ. ಪೆಟ್ಟಿಗೆ, ಪಾಸ್‌ಪೋರ್ಟ್ ಎಲ್ಲ ಮುಗಿಸಿ ದೊಡ್ಡ ವ್ಯಾನ್ ಹತ್ತುವಾಗ 4:50. ವಿಮಾನ ಏರಬೇಕಿದ್ದ 7:10ಕ್ಕೆ ಅವರಿನ್ನೂ ಹ್ಯೂಸ್ಟನ್‌ನ ಟ್ರಾಫಿಕ್‌ನಲ್ಲೇ ಇದ್ದರು.

ರಾತ್ರಿ ನಿಲ್ದಾಣದ ಪಕ್ಕದ ಹೋಟೆಲಿನಲ್ಲಿ ಐವರೂ ಉಳಿದರು. ಪಕ್ಕದ ಅಂಗಡಿಯಿಂದ ಮೊಸರು ಮತ್ತು ಬಿಸಿ ಮಾಡುವ ಅನ್ನದ ಪೊಟ್ಟಣ ತಂದು ಊಟ ಮಾಡಿದರು. ಶುಕ್ರವಾರ ಮಗ ತಮ್ಮ ವಿಮಾನವನ್ನು ಇನ್ನೂ ಸ್ವಲ್ಪ ತಡವಾದ ಹೊತ್ತಿಗೆ ಹಾಕಿಕೊಂಡರು. ಅಪ್ಪ ಅಮ್ಮನ ಪೆಟ್ಟಿಗೆ ತೂಕ ಮಾಡಿಸಿ, ಗಾಲಿಕುರ್ಚಿ ಬರುವ ತನಕ ಜೊತೆಗಿದ್ದು ಕಳಿಸಿದರು.

ಇಲ್ಲಿ ನಮ್ಮ ಮೊದಲ ಯೋಜನೆಯ ಇನ್ನೊಂದು ತಪ್ಪು ನನಗೆ ಕಂಡಿತು. ಮಂಜು ಇಲ್ಲದೆ ಎಲ್ಲ ಸರಿಯಾಗಿಯೇ ನಡೆದಿದ್ದರೂ ಹಿರಿಯರಿಬ್ಬರು ನಿಲ್ದಾಣದಲ್ಲಿ ಒಂಟಿಯಾಗುತ್ತಿದ್ದರು. ಮಕ್ಕಳ ವಿಮಾನ 1:20ಕ್ಕೆ. ಸಂಜೆಯ ವಿಮಾನದ ಕೌಂಟರ್ ತೆರೆಯುವುದೇ ನಾಲ್ಕರ ಸುಮಾರಿಗೆ. ಹನ್ನೆರಡರಿಂದ ನಾಲ್ಕರವರೆಗೆ, ಇಂಗ್ಲಿಷ್ ಅಷ್ಟಾಗಿ ಬಾರದ ತಾಯಿ ಮಂಡಿ ನೋವಿನಲ್ಲಿ, ನಾಲ್ಕು ಪೆಟ್ಟಿಗೆ ಕಾಯುತ್ತ ಕೂರಬೇಕಿತ್ತು. ಟಿಕೆಟ್ ಮಾಡುವಾಗ ಇದು ನನ್ನ ಕಣ್ಣಿಗೆ ಬೀಳಲೇ ಇಲ್ಲ. ನನಗೆ ಮಂಜಿಗಿಂತ ಹೆಚ್ಚು ಬೇಜಾರಾಗಿದ್ದು ಇದಕ್ಕೆ.

ಹೋಟೆಲ್ ಖರ್ಚನ್ನು ಮಗನ ಕ್ರೆಡಿಟ್ ಕಾರ್ಡಿನ ಪ್ರವಾಸ ವಿಮೆ ಕೊಟ್ಟಿತು, ಹಡಗಿನ ಪತ್ರ ಇದ್ದದ್ದರಿಂದ. ಹಿರಿಯರಿಗೆ ಮಾಡಿಸಿದ್ದ ವಿಸಿಟರ್ ಇನ್ಶೂರೆನ್ಸ್ ಇದಕ್ಕೆ ಬರಲಿಲ್ಲ. ಅದು ಇರುವುದು ಆಸ್ಪತ್ರೆ ಖರ್ಚಿಗೆ. ಎಷ್ಟೋ ಮನೆಯವರು ಇವೆರಡನ್ನೂ ಒಂದೇ ಎಂದುಕೊಂಡಿರುತ್ತಾರೆ. ಹಡಗಿನ ಕಂಪನಿಯಿಂದ ವಿಮಾನದ ಖರ್ಚು ಸಿಗುತ್ತದಾ ಎಂದು ತಂದೆ ಕೇಳಿದರು. ಹವಾಮಾನದಿಂದ ತಡವಾದರೆ ನಾವೇ ಬೇರೆಯಾಗಿ ಕೊಂಡ ವಿಮಾನದ ಹೊಣೆಯನ್ನು ಅವರು ಹೊರುವುದಿಲ್ಲ. ಟಿಕೆಟ್ ಕರಾರಿನಲ್ಲೇ ಹಾಗೆ ಬರೆದಿರುತ್ತದೆ.

ವೀಸಾ ವಿಷಯದಲ್ಲಿ ಮಾತ್ರ ಇವರಿಗೆ ಆತಂಕ ಇರಲಿಲ್ಲ. ಇರಲು ಅನುಮತಿ ಇದ್ದ ಆರು ತಿಂಗಳು ಮುಗಿಯಲು ಇನ್ನೂ ಮೂರು ವಾರಕ್ಕಿಂತ ಹೆಚ್ಚು ಬಾಕಿ ಇತ್ತು. ಆರು ತಿಂಗಳ ಕೊನೆಯ ದಿನಕ್ಕೇ ಸರಿಯಾಗಿ ವಾಪಸ್ ಟಿಕೆಟ್ ಹಾಕಿಸಿ, ಅದರ ಹಿಂದಿನ ವಾರ ಕ್ರೂಸ್ ಇಟ್ಟುಕೊಳ್ಳುವವರನ್ನು ನೋಡಿದ್ದೇನೆ. ದಯವಿಟ್ಟು ಹಾಗೆ ಮಾಡಬೇಡಿ. ಮೆಕ್ಸಿಕೊಗೆ ಐದು ದಿನ ಹೋಗಿ ಬಂದರೆ ಆರು ತಿಂಗಳು ಹೊಸದಾಗಿ ಶುರುವಾಗುತ್ತದೆ ಎಂದು ನಂಬಲೂ ಬೇಡಿ.

ನನ್ನ ಕೆಲಸದಲ್ಲಿ ಬದಲಾದದ್ದು

ಈ ಪ್ರಕರಣ ಆದ ಮೇಲೆ ನಾನು ಟಿಕೆಟ್ ಮಾಡುವ ಕ್ರಮವೇ ಬದಲಾಗಿದೆ. ಮೊದಲೆಲ್ಲ ‘ಹಡಗು ಎಷ್ಟಕ್ಕೆ ಬರುತ್ತೆ?’ ಎಂದು ಶುರು ಮಾಡುತ್ತಿದ್ದೆ. ಈಗ ‘ಊರಲ್ಲಿ ಏನಿದೆ, ಯಾವ ದಿನ?’ ಎಂದು ಕೇಳುತ್ತೇನೆ. ಮದುವೆ, ಉಪನಯನ, ಆಪರೇಷನ್ ದಿನ, ಏನಾದರೂ ಇರುತ್ತದೆ. ಅಲ್ಲಿಂದ ಹಿಂದಕ್ಕೆ ಬರುತ್ತೇನೆ. ಈ ಮನೆಯವರ ವಿಷಯದಲ್ಲಿ ಹಾಗೆ ಮಾಡಿದ್ದರೆ ಆ ಕ್ರೂಸ್ ವಾರವೇ ಸರಿಯಿಲ್ಲ, ಒಂದು ವಾರ ಮುಂಚೆ ಹೋಗಿ ಬನ್ನಿ ಎಂದು ಹೇಳುತ್ತಿದ್ದೆ.

ಆಮೇಲೆ, ಈ ವಿಮಾನ ತಪ್ಪಿದರೆ ಮುಂದಿನದು ಯಾವಾಗ ಎಂದು ನೋಡುತ್ತೇನೆ. ಅದೇ ದಿನ ಇನ್ನೂ ನಾಲ್ಕು ವಿಮಾನ ಇದ್ದರೆ ಹಡಗು ಇಳಿದ ದಿನವೇ ಮಧ್ಯಾಹ್ನದ ಮೇಲೆ ಹಾಕಲು ನನ್ನ ಅಡ್ಡಿಯಿಲ್ಲ. ದಿನದ ಕೊನೆಯ ವಿಮಾನ ಮಾತ್ರ ಬೇಡ. ಸಮುದ್ರ ದಾಟುವ ವಿಮಾನ, ವಯಸ್ಸಾದವರು, ದಿನಕ್ಕೆ ಒಂದೇ ಸಲ ಹೊರಡುವುದು, ಇದರಲ್ಲಿ ಯಾವುದಾದರೂ ಎರಡು ಸೇರಿದರೆ ಒಂದು ರಾತ್ರಿ ಉಳಿಯಲೇಬೇಕು ಎನ್ನುತ್ತೇನೆ. ಹೋಟೆಲ್ ಖರ್ಚು ಎಂದು ಗೊಣಗಿದರೂ ಬಿಡುವುದಿಲ್ಲ.

ಬಂದರು ಮತ್ತು ತಿಂಗಳನ್ನು ಜೊತೆಗಿಟ್ಟು ನೋಡುತ್ತೇನೆ. ಚಳಿಗಾಲದ ಗ್ಯಾಲ್ವೆಸ್ಟನ್ ಎಂದರೆ ಮಂಜು. ಫ್ಲೋರಿಡಾ ಎಂದರೆ ಜೂನ್‌ನಿಂದ ನವೆಂಬರ್‌ವರೆಗೆ ಚಂಡಮಾರುತದ ಕಾಲ, ಆಗ ಹಡಗು ಒಂದೆರಡು ದಿನವೇ ತಡವಾಗಬಹುದು. ಬೆಂಗಳೂರಿನಿಂದ ಸಿಂಗಪುರಕ್ಕೆ ಹೋಗಿ ಅಲ್ಲಿಂದ ಮೂರು ನಾಲ್ಕು ರಾತ್ರಿಯ ಕ್ರೂಸ್ ಮಾಡುವವರೂ ಈಗ ಜಾಸ್ತಿ. ಅಲ್ಲಿ ಮರೀನಾ ಬೇ ಬಂದರಿನಿಂದ ಚಾಂಗಿ ನಿಲ್ದಾಣ ಸುಮಾರು 20 ಕಿ.ಮೀ. ದಾರಿ ಸಲೀಸು. ಅಂಥ ಕಡೆ ಇಳಿದ ದಿನವೇ ರಾತ್ರಿ ವಿಮಾನ ಹಿಡಿದರೆ ಸಾಕು. ಎಲ್ಲ ಊರಿಗೂ ಒಂದೇ ಲೆಕ್ಕ ನಡೆಯುವುದಿಲ್ಲ.

ಹಡಗು ಹತ್ತುವ ಮುಂಚೆಯೇ ಮನೆಯವರಿಂದ ಒಂದು ಹೊತ್ತನ್ನು ಬರೆಸಿಕೊಳ್ಳುತ್ತೇನೆ. ಇಷ್ಟು ಗಂಟೆಗೆ ಹಡಗು ಕಟ್ಟದಿದ್ದರೆ ಟಿಕೆಟ್ ಬದಲಿಸುವುದು ಎಂದು. ಗಾಬರಿಯ ಹೊತ್ತಲ್ಲಿ ಕೂತು ಲೆಕ್ಕ ಹಾಕುವುದು ಕಷ್ಟ. ಅವತ್ತು ನಮಗೆ ಐದು ನಿಮಿಷ ಮಾತ್ರ ಉಳಿದಿತ್ತು.

ಮಾತ್ರೆ, ಪಾಸ್‌ಪೋರ್ಟ್, ಚಾರ್ಜರ್, ಒಂದು ಜೊತೆ ಬಟ್ಟೆ ಕೈಚೀಲದಲ್ಲೇ ಇರಲಿ ಎಂದು ಎಲ್ಲರಿಗೂ ಹೇಳುತ್ತೇನೆ. ಇದನ್ನು ಅಪ್ಪಂದಿರಿಗಿಂತ ಅಮ್ಮಂದಿರಿಗೆ ಹೇಳಿದರೆ ಖಂಡಿತ ಆಗುತ್ತದೆ.

ಊರಿನಲ್ಲಿ ಭಾನುವಾರ ಆಗಿತ್ತು, ಇಲ್ಲಿ ನನಗೆ ನಿದ್ದೆ ಬಂದಿರಲಿಲ್ಲ. ಬೆಂಗಳೂರಿನಿಂದ ಅವರು ಹೊರಟಿದ್ದಾರೆ ಎಂದು ಮಗ ತಿಳಿಸಿದ್ದರು, ಆಮೇಲೆ ಸುದ್ದಿ ಇರಲಿಲ್ಲ. ಇಲ್ಲಿ ಶನಿವಾರ ಮಧ್ಯರಾತ್ರಿ ದಾಟಿದ ಮೇಲೆ ತಾಯಿಯ ಧ್ವನಿ ಸಂದೇಶ ಬಂತು. ಹಿಂದೆ ನಾದಸ್ವರ ಕೇಳುತ್ತಿತ್ತು. ‘ಹತ್ತೂ ಮುಕ್ಕಾಲಿಗೆ ಬಂದ್ವಿ ಕಣಮ್ಮ. ಛತ್ರದಲ್ಲೇ ಸೀರೆ ಉಟ್ಕೊಂಡೆ. ಹುಡುಗಿ ಇನ್ನೂ ಗೌರಿ ಪೂಜೆಗೆ ಕೂತಿದ್ದಾಳೆ. ಇವರು ಮುಯ್ಯಿ ಕವರ್ ಹುಡುಕೋಕೆ ಜೇಬಿಗೆ ಕೈ ಹಾಕಿದ್ರೆ ಹಡಗಿನ ಹದಿನಾಲ್ಕನೇ ನಂಬರಿನ ಚೀಟಿ ಬಂತು. ಇರು, ಅಕ್ಷತೆ ಹಂಚ್ತಾ ಇದ್ದಾರೆ, ಆಮೇಲೆ ಮಾಡ್ತೀನಿ.’